ಕೆಂಬೂತ ಕೂಗಿದ್ದು ಕೇಳಿಸದ ವರ್ಷ

ಹೋದ ವಾರ ಎದುರುಮನೆಯವರು ಬೀದರದಿಂದ ಬರುವಾಗ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತಂದಿದ್ದರು. ಒಂದು ಚಿಪ್ಪು ನನಗೂ ಕೊಟ್ಟುಹೋದರು. ಒಬ್ಬಳೇ ಇರುವ ಮನೆ, ತಿನ್ನುವುದು ನಿಧಾನ. ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು ಮರೆತುಬಿಟ್ಟೆ. ಮೊನ್ನೆ ಬೆಳಿಗ್ಗೆ ಎದ್ದಾಗ ಮನೆಯೆಲ್ಲ ಆ ವಾಸನೆ ತುಂಬಿತ್ತು. ಬೇರೆ ಬಾಳೆಹಣ್ಣಿಗೆ ಇಲ್ಲದ ವಾಸನೆ ಅದು, ಸ್ವಲ್ಪ ಬೆಲ್ಲದ್ದು, ಸ್ವಲ್ಪ ಒಣಹುಲ್ಲಿನದು. ಚಹಾಕ್ಕೆ ನೀರಿಟ್ಟವಳು ಒಲೆ ಹಚ್ಚದೆ ಹಾಗೇ ನಿಂತೆ. ಹಾಜರಾಬೀ ಅವರ ಮನೆಯ ಹಣ್ಣಿನ ಕೋಣೆ ನೆನಪಾಯಿತು. ಅದರ ಬೆನ್ನಿಗೆ ನಾನು ಕಮಲಾಪುರದಲ್ಲಿ ಕಳೆದ ಆ ಒಂದು ವರ್ಷವೂ ಬಂತು.

ಈಗ ತರಕಾರಿ ಮಾರುವವರ ಕೈಯಲ್ಲೂ ಮೊಬೈಲು ಇದೆ. ಆಗ ಒಂದೂರಿಂದ ಇನ್ನೊಂದೂರಿಗೆ ಮಾತಾಡಬೇಕಾದರೆ ನಡುವೆ ನಮ್ಮಂಥ ಆಪರೇಟರುಗಳು ಬೇಕಾಗಿತ್ತು. ನಾನು ಕಲಬುರ್ಗಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿದ್ದೆ. ಎಂಬತ್ತರ ದಶಕದ ನಡುವಿನ ಒಂದು ವರ್ಷ, ಯುಗಾದಿ ಮುಗಿಯುತ್ತಲೇ, ನನ್ನನ್ನು ಕಮಲಾಪುರಕ್ಕೆ ಹಾಕಿದರು. ಅಲ್ಲಿನ ಎಕ್ಸ್‌ಚೇಂಜ್ ಅಂದರೆ ಒಂದು ಕೋಣೆ, ಒಂದು ಬೋರ್ಡು, ಒಂದು ಕುರ್ಚಿ. ಹಗಲಿಗೆ ನಾನು, ರಾತ್ರಿಗೆ ಭೀಮರಾವ ಅಂತ ಒಬ್ಬ ಹಿರಿಯರು. ಅವರು ಎದ್ದು ಹೋಗುವಾಗ ನಾನು ಕೂಡುತ್ತಿದ್ದೆ, ನಾನು ಏಳುವಾಗ ಅವರು ಬರುತ್ತಿದ್ದರು. "ಲೈನ್ ಚಲೋ ಅದ ಏನ್ರಿ?" "ಅದ ರಿ." ನಮ್ಮಿಬ್ಬರ ನಡುವಿನ ಮಾತು ಹೆಚ್ಚುಕಡಿಮೆ ಇಷ್ಟೇ.

ಬೆಳಗಿನ ಡ್ಯೂಟಿಗೆ ಕಲಬುರ್ಗಿಯ ಬಸ್ಸು ಹೊಂದುತ್ತಿರಲಿಲ್ಲ. ಹಾಗಾಗಿ ಹಾಜರಾಬೀ ಎಂಬ ಹೆಂಗಸಿನ ಮನೆಯಲ್ಲಿ ಮಾಳಿಗೆಯ ಮೇಲಿನ ಕೋಣೆ ಹಿಡಿದೆ. ಅವರ ಗಂಡನಿಗೆ ಊರ ಹೊರಗೆ ಬಾಳೆಯ ತೋಟವಿತ್ತು. ಗೊನೆಗಳು ಗಾಡಿಯಲ್ಲಿ ಬಂದು ಕೆಳಗಿನ ಕತ್ತಲೆ ಕೋಣೆಯಲ್ಲಿ ಹುಲ್ಲಿನ ನಡುವೆ ಮಲಗುತ್ತಿದ್ದವು. ಯಾವುದನ್ನು ಯಾವಾಗ ತೆಗೆಯಬೇಕು ಅನ್ನುವುದೆಲ್ಲ ಹಾಜರಾಬೀ ಅವರ ಕಾರಭಾರ. ಬಾಗಿಲು ತೆರೆದಾಗಲೆಲ್ಲ ಆ ವಾಸನೆ ಮೆಟ್ಟಿಲು ಹತ್ತಿ ನನ್ನ ಹಾಸಿಗೆಯವರೆಗೆ ಬರುತ್ತಿತ್ತು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಅವರು ನನಗೆ ಬೇಟಿ ಅನ್ನುತ್ತಿದ್ದರು. ಆದರೂ ಮೊದಮೊದಲು ನಾನು ಕೆಳಗೆ ಹೋಗಿ ಕೂಡುತ್ತಿದ್ದದ್ದು ಕಡಿಮೆ. ಕಲಬುರ್ಗಿಯ ಬ್ರಹ್ಮಪುರದ ವೈಷ್ಣವರ ಮನೆಯಲ್ಲಿ ಬೆಳೆದವಳು. ಎಲ್ಲಿ ಕೂಡಬೇಕು, ಏನು ತೆಗೆದುಕೊಳ್ಳಬೇಕು ಎಂಬ ಅಳುಕು ಇನ್ನೂ ಇತ್ತು.

ನನಗಾಗ ಇಪ್ಪತ್ತೇಳು ದಾಟಿತ್ತು. ಮನೆ ಬಿಟ್ಟು ಒಬ್ಬಳೇ ಇದ್ದದ್ದು ಅದೇ ಮೊದಲು. ದಿನವೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿರುತ್ತಿದ್ದೆ. ಹೈದರಾಬಾದಿನ ತೊಗರಿ ವ್ಯಾಪಾರಿ, ಸೊಲ್ಲಾಪುರದ ಅಳಿಯ, ಮುಂಬಯಿಯಲ್ಲಿ ಕೆಲಸ ಮಾಡುವ ಮಗ, ಎಲ್ಲರ ದನಿಯೂ ನನ್ನ ಕಿವಿಯ ಮೂಲಕವೇ ಹೋಗುತ್ತಿತ್ತು. ಯಾರದೋ ಹೆರಿಗೆ, ಯಾರದೋ ಸಾವು. ಸಂಜೆ ಹೆಡ್‌ಫೋನ್ ತೆಗೆದಿಟ್ಟು ಕೋಣೆಗೆ ಬಂದರೆ ಮರುದಿನ ಬೆಳಿಗ್ಗೆ "ಹಲೋ, ಕಮಲಾಪುರ" ಅನ್ನುವ ತನಕ ನನ್ನ ಗಂಟಲಿನಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ.

ಹಾಗಾಗಿಯೇ ಹಕ್ಕಿಗಳು. ಮೊದಲಿನಿಂದ ನನಗೆ ಅವುಗಳ ಮೇಲೆ ಪ್ರೀತಿ ಇತ್ತು ಅಂತ ಹೇಳಿದರೆ ಸುಳ್ಳಾದೀತು. ಬ್ರಹ್ಮಪುರದ ಓಣಿಯಲ್ಲಿ ಗುಬ್ಬಿ, ಕಾಗೆ, ಪಾರಿವಾಳ ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ. ಕಮಲಾಪುರದ ಆ ಮಾಳಿಗೆಯ ಹಿಂದೆ ಬೇವಿನ ಮರಗಳಿದ್ದವು, ಆಚೆ ಬಾಳೆಯ ತೋಟ, ಅದರಾಚೆ ಕೆಂಪು ಮಣ್ಣಿನ ದಿಬ್ಬ, ಜಾಲಿಯ ಕಂಟಿ. ಬಿಸಿಲು ಏರುವ ಮೊದಲು ಚಾಪೆ ಹಾಸಿ ಅಲ್ಲಿ ಕೂತರೆ ಸುತ್ತಲೂ ಮಾತೇ ಮಾತು. ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ, ಆದರೂ ಆ ಗದ್ದಲದ ನಡುವೆ ಕೂತರೆ ಮನೆಯಲ್ಲಿ ಕೂತ ಹಾಗೆ ಅನಿಸುತ್ತಿತ್ತು. ಕಣ್ಣು ಮುಚ್ಚಿ ಒಂದೊಂದನ್ನೇ ಬೇರೆ ಮಾಡುವುದು ಕಲಿತೆ. ಬೋರ್ಡಿನ ಮೇಲೆ ಹತ್ತು ಲೈನುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಬಿಡುವುದು ನನಗೆ ರೂಢಿಯಿತ್ತಲ್ಲ, ಹಾಗೆಯೇ. ಸೂಜಿಯಿಂದ ಚುಚ್ಚಿದಂತೆ ಟುವಿ ಟುವಿ ಅನ್ನುವುದು ಸಿಂಪಿಗ. ನಾಲ್ಕು ದನಿ ಏರಿಸಿ ಎರಡು ಇಳಿಸುವುದು ಪಿಕಳಾರ. ದಿಬ್ಬದ ಕಡೆಯಿಂದ ಏನೋ ಮರೆತವರು ಓಡಿ ಬಂದಂತೆ ಕೂಗುವುದು ಟಿಟವಿ.

ಒಂದು ದಿನ ಬಟ್ಟೆ ಒಣಹಾಕಲು ಮೇಲೆ ಬಂದ ಖಾಲಾ ನಾನು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ, "ಪೂಜಾ ಮಾಡ್ಲಾಕತ್ತೀ ಏನ್ ಬೇಟಿ?" ಅಂದರು.

"ಇಲ್ಲ ಖಾಲಾ, ಆ ದಿಬ್ಬದ ಮ್ಯಾಲ ಒಂದು ಕೂಗ್ತದಲ್ಲ, ಅದು ಏನು ಅಂತ ಕೇಳ್ಲಾಕತ್ತೀನಿ."

"ಅದು ತೀತರ್. ನಿಮ್ಮವ್ರು ಕೌಜುಗ ಅಂತಾರ. ಅದು ಏನಂತದ ಗೊತ್ತದನ? ಸುಭಾನ್ ತೇರೀ ಕುದ್ರತ್ ಅಂತದ." ದೇವರೇ, ನಿನ್ನ ಸೃಷ್ಟಿ ಎಂಥದ್ದು ಎಂದು. ಅವರು ಹೇಳಿದ ಮೇಲೆ ಕೇಳಿದರೆ ನಿಜವಾಗಿಯೂ ಅದು ಹಾಗೆಯೇ ಅನ್ನುತ್ತಿತ್ತು. ಆಮೇಲೆ ಬಹಳ ದಿನ ನನಗೆ ಅದು ಬೇರೆ ರೀತಿಯಲ್ಲಿ ಕೇಳಿಸಲೇ ಇಲ್ಲ.

ವೈಶಾಖದ ಕೊನೆ ಇರಬೇಕು. ಬಿಸಿಲಿಗೆ ಬೇವು ಮಾತ್ರ ಹಸಿರಾಗಿತ್ತು. ರಜೆಯ ದಿನ, ಬೆಳಿಗ್ಗೆ ಖಾಲಾ ಮತ್ತು ನಾನು ಮಾಳಿಗೆಯ ಮೇಲೆ ಶಾವಿಗೆ ಹರವುತ್ತಿದ್ದೆವು. ಅಷ್ಟು ಹೊತ್ತಿಗೆ ನಾನು ಅವರ ಒಲೆಯ ಹತ್ತಿರ ಕೂತು ಚಹಾ ಕುಡಿಯುವಷ್ಟು ಹಳಬಳಾಗಿದ್ದೆ. ಅವರು ಇದ್ದಕ್ಕಿದ್ದಂತೆ ತಲೆಗೆ ಕೈ ಹಚ್ಚಿ, "ಈ ಕೆಂಪು ರೆಕ್ಕಿ ಕಾಗಿ ಮುಂಜಾನಿಂದ ನನ್ನ ತಲಿ ತಿನ್ಲಾಕತ್ತದ ನೋಡು. ಹೂಪ್ ಹೂಪ್ ಹೂಪ್. ಬಾವ್ಯಾಗ ಕೊಡ ಬಡದಂಗ," ಅಂದರು.

ನಾನು ತಿರುಗಿ ನೋಡಿದೆ. ತೋಟದ ಗೋಡೆಯ ಮೇಲೆ ಕೆಂಬೂತ ಕೂತಿತ್ತು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಕತ್ತು ಬಗ್ಗಿಸಿ ಗಂಟಲು ಉಬ್ಬಿಸುತ್ತಿತ್ತು. ಪ್ರತಿ ಸಲ ಉಬ್ಬಿದಾಗ ಬಾಲ ಅದುರುತ್ತಿತ್ತು. ಅದು ಕೂಗುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ನನಗೆ ಏನೂ ಕೇಳಿಸಲಿಲ್ಲ.

ಬೇವಿನ ಮರದಲ್ಲಿ ಸಿಂಪಿಗ ಟುವಿ ಟುವಿ ಅನ್ನುತ್ತಲೇ ಇತ್ತು. ಅದು ಕೇಳುತ್ತಿತ್ತು. ಕೆಂಬೂತದ ಪಕ್ಕದಲ್ಲಿ ಸಣ್ಣ ಪಾರಿವಾಳದಂಥ ಒಂದು ಜೋಡಿ ಬೆಳವ. ಬೆಳವಗಳು ಈ ಬಿಸಿಲಿಗೆ ಎಲ್ಲಿಗೋ ಹೋಗಿವೆ ಅಂತ ನಾನು ತಿಳಿದಿದ್ದೆ, ಅವುಗಳ ಗುಟುರು ಕೇಳಿ ಬಹಳ ದಿನವಾಗಿತ್ತು. ಅವು ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಕೂತು ಗಂಟಲು ಉಬ್ಬಿಸುತ್ತಿದ್ದವು.

"ಖಾಲಾ, ಬೆಳವನೂ ಕೂಗ್ಲಾಕತ್ತಾವ?"

"ಫಾಖ್ತಾನ? ಅವು ಎಂದು ಬಿಟ್ಟಾವ?" ಅಂದವರು ನನ್ನ ಮುಖ ನೋಡಿ ಶಾವಿಗೆಯ ತಟ್ಟೆ ಕೆಳಗಿಟ್ಟರು. "ಯಾಕ, ನಿನಗ ಕೇಳ್ಸವಲ್ದನು?"

ಅಂದಿನಿಂದ ನಾನು ಕೇಳುವ ರೀತಿಯೇ ಬೇರೆಯಾಯಿತು. ಮೊದಲು ಜೊತೆಗಾಗಿ ಕೇಳುತ್ತಿದ್ದೆ, ಈಗ ಏನೇನು ಉಳಿದಿದೆ ಎಂದು ನೋಡಿಕೊಳ್ಳುವುದಕ್ಕೆ. ಸಣ್ಣ, ಚೂಪಾದ ದನಿಗಳೆಲ್ಲ ಇದ್ದವು. ದಪ್ಪ ದನಿಗಳು, ಎದೆಯಿಂದ ಬರುವ ದನಿಗಳು ಹೋಗಿದ್ದವು. ವಿಚಿತ್ರವೆಂದರೆ ಕೆಲಸದಲ್ಲಿ ಒಂದಿಷ್ಟೂ ತೊಂದರೆ ಇರಲಿಲ್ಲ. ಹೆಡ್‌ಫೋನ್ ಕಿವಿಗೆ ಒತ್ತಿಕೊಂಡರೆ ಮುಂಬಯಿಯವರು ಪಕ್ಕದಲ್ಲೇ ಕೂತಂತೆ ಕೇಳಿಸುತ್ತಿತ್ತು. ಗಡಗಡ ಅನ್ನುವ ಬಸ್ಸಿನಲ್ಲೂ ಪಕ್ಕದವರ ಮಾತು ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಸುಮ್ಮನಿರುವ ಕೋಣೆಯಲ್ಲಿ ಯಾರಾದರೂ ಮೆಲ್ಲಗೆ ಕರೆದರೆ ಇಲ್ಲ. ಹೀಗಾಗಿಯೇ ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ. ನನ್ನನ್ನು ಮೆಲ್ಲಗೆ ಕರೆಯುವವರು ಯಾರೂ ಇರಲಿಲ್ಲ.

ಕಲಬುರ್ಗಿಯಲ್ಲಿ ಕಿವಿಯ ಡಾಕ್ಟರರ ಹತ್ತಿರ ಹೋದೆ, ಮನೆಯಲ್ಲಿ ಹೇಳದೆ. ಅವರು ಉಕ್ಕಿನ ಒಂದು ಸಣ್ಣ ಕವಲುಕಡ್ಡಿಯನ್ನು ಮೊಣಕೈಗೆ ಬಡಿದು ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದನ್ನೇ ಕಿವಿಯ ಹಿಂದಿನ ಎಲುಬಿಗೆ ಊರಿದರು. ತಲೆಯೊಳಗೆಲ್ಲ ಗುಂಯ್ ಅಂತ ತುಂಬಿಕೊಂಡಿತು. ಡಾಕ್ಟರು ತಲೆಯಾಡಿಸಿದರು.

"ಕಿವಿಯೊಳಗ ಒಂದು ಅಕ್ಕಿಕಾಳಿಗಿಂತ ಸಣ್ಣ ಎಲುಬು ಇರ್ತದ. ಅದು ಅಳ್ಯಾಡಬೇಕು. ನಿಮ್ಮದು ಗಟ್ಟಿಯಾಗಿ ಕೂಡ್ಲಾಕತ್ತದ, ಎಡಕ್ಕ ಜಾಸ್ತಿ, ಬಲಕ್ಕ ಕಡಿಮಿ. ನಿಮ್ಮ ಮನ್ಯಾಗ ಯಾರಿಗರ ಹಿಂಗ ಅದನು?"

"ನಮ್ಮ ತಾಯಿಗೆ ಪೂರಾ ಕೇಳಂಗಿಲ್ರಿ. ನಾ ಹುಟ್ಟಿದಾಗಿಂದ."

ಅವರು ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಸೊಲ್ಲಾಪುರದಲ್ಲಿ ಆಪರೇಶನ್ ಮಾಡುತ್ತಾರೆ, ಬಹಳ ಜನರಿಗೆ ಗುಣ ಸಿಗುತ್ತದೆ, ಕೆಲವರಿಗೆ ಆ ಕಿವಿ ಪೂರ್ತಿ ಹೋಗುವುದೂ ಉಂಟು. ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ ಬಸಿರು ಬಾಣಂತನದಲ್ಲಿ ಇದು ಬೇಗ ಹೆಚ್ಚಾಗುವುದನ್ನು ಕಂಡಿದ್ದೇವೆ. "ಲಗ್ನ ಆಗ್ಯದೇನ್ರಿ?" ಅಂದರು. ಇಲ್ಲ ಅಂದೆ. ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ಟಾಂಗಾ, ಸೈಕಲ್ಲು, ಕೂಗಾಟ, ಎಲ್ಲವೂ ಚೆನ್ನಾಗಿಯೇ ಕೇಳುತ್ತಿತ್ತು. ಬ್ರಹ್ಮಪುರಕ್ಕೆ ಹೋಗದೆ ನೇರ ಬಸ್‌ಸ್ಟ್ಯಾಂಡಿಗೆ ನಡೆದೆ.

ನಮ್ಮ ಮನೆಯಲ್ಲಿ ಅಪ್ಪ, ಆಯಿ, ಅಣ್ಣ ಶ್ರೀಧರ, ವೈನಿ. ವೈನಿ ಎಂದರೆ ಅಣ್ಣನ ಹೆಂಡತಿ, ಆಯಿ ಎಂದರೆ ನಮ್ಮ ತಾಯಿ. ಅವಳ ಕೂಡ ಮನೆಯವರೆಲ್ಲ ಕೈಯಿಂದ ಮಾತಾಡುತ್ತಿದ್ದರು. ಕೈ ಬಾಯಿಗೆ ಒಯ್ದರೆ ಊಟ, ಹೆಬ್ಬೆರಳು ಬಾಯಿಗೆ ಒಯ್ದರೆ ನೀರು, ಬಾಗಿಲ ಕಡೆ ಬೆರಳು ಮಾಡಿದರೆ ಯಾರೋ ಬಂದಿದ್ದಾರೆ. ಅಷ್ಟರಲ್ಲಿ ಒಂದು ಸಂಸಾರ ನಡೆದುಹೋಗುತ್ತದೆ. ಅವಳು ತುಟಿ ನೋಡಿ ಮಾತು ತಿಳಿಯಬಲ್ಲಳು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಎದುರಿಗೆ ನಿಂತು ನಿಧಾನವಾಗಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಮಳೆಗಾಲ ಬಂತು. ಕಮಲಾಪುರದ ದಿಬ್ಬದಿಂದ ಕೆಂಪು ನೀರು ಇಳಿದು ರಸ್ತೆ ದಾಟುತ್ತಿತ್ತು. ತಗಡಿನ ಮೇಲೆ ಬೀಳುವ ಮಳೆಯ ದಪ್ಪ ಸದ್ದು ನನಗೆ ಅರ್ಧ ಮಾತ್ರ ಬರುತ್ತಿತ್ತು, ಯಾರೋ ಕಂಬಳಿ ಹೊದಿಸಿ ಬಾರಿಸಿದಂತೆ. ಮಳೆ ನಿಂತ ಒಂದು ಬೆಳಿಗ್ಗೆ ಬೇವಿನ ತುದಿಯಿಂದ ಪಾವಶಾ ಕೂಗಿತು. ಏರಿ ಏರಿ ಕೂಗುವ ಹಕ್ಕಿ ಅದು. ನಮ್ಮಂಥ ಮರಾಠಿ ಬೆರೆತ ಮಾತಿನ ಮನೆಗಳಲ್ಲಿ ಅದು "ಪೇರ್ತೇ ವ್ಹಾ, ಪೇರ್ತೇ ವ್ಹಾ" ಅನ್ನುತ್ತದೆ ಅಂತಾರೆ, ಬಿತ್ತಿರಿ ಬಿತ್ತಿರಿ ಎಂದು. ಅದು ನನಗೆ ಪೂರ್ತಿ ಕೇಳಿಸಿತು. ಕೇಳುತ್ತಿದ್ದಂತೆ ಅಳು ಬಂತು. ಇದು ಎಷ್ಟು ದಿನ ಎಂಬ ವಿಚಾರ ಬಂದದ್ದೇ ಕಾರಣ. ಅಂದು ಡ್ಯೂಟಿಯಲ್ಲಿ ಯಾರೋ ಒಬ್ಬ ಹೆಂಗಸು ಹೈದರಾಬಾದಿನಲ್ಲಿದ್ದ ಮಗಳಿಗೆ "ಸುಮ್ನ ನಿನ್ನ ದನಿ ಕೇಳ್ಬೇಕು ಅನಿಸ್ತು" ಅಂತ ಹೇಳಿದಳು. ನಾನು ಹೆಡ್‌ಫೋನ್ ತೆಗೆದಿಟ್ಟು ಕೂತೆ.

ಪಂಚಮಿಗೆ ಮನೆಗೆ ಹೋದಾಗ ಅಪ್ಪ ಸುದ್ದಿ ಹೇಳಿದರು. ಹುಮನಾಬಾದದ ಒಬ್ಬ ಸಾಲಿಮಾಸ್ತರರ ಮನೆಯವರು ನನ್ನನ್ನು ನೋಡಲು ಬರುವವರಿದ್ದರು. ಅಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಹಗುರು ಕಂಡಿತು. ನಾನು ಏನೂ ಹೇಳದೆ ಮಾಳಿಗೆ ಹತ್ತಿದೆ. ಆಯಿ ಅಲ್ಲಿ ಒಬ್ಬಳೇ ಕೂತು ಹಬ್ಬಕ್ಕೆ ಹುರಿದ ಜೋಳದ ಅಳ್ಳು ಆರಿಸುತ್ತಿದ್ದಳು. ಎದುರಿಗೆ ಕೂತು, ಅವಳ ಗದ್ದ ಹಿಡಿದು ನನ್ನ ಕಡೆ ತಿರುಗಿಸಿದೆ.

"ಆಯಿ, ನನಗೂ ಕೇಳ್ಸವಲ್ದು."

ಅವಳು ನನ್ನ ತುಟಿಯನ್ನೇ ನೋಡಿದಳು. ಇನ್ನೊಮ್ಮೆ ಹೇಳು ಅಂತ ಸನ್ನೆ ಮಾಡಿದಳು. ಹೇಳಿದೆ. ಕೈಯಲ್ಲಿದ್ದ ಅಳ್ಳು ಮೊರದೊಳಗೆ ಬಿಟ್ಟಳು.

"ಯಾವ ಸಪ್ಪಳ ಮೊದಲು ಹೋತು?" ಅಂತ ಕೇಳಿದಳು.

ಡಾಕ್ಟರು ಕೂಡ ಹಾಗೆ ಕೇಳಿರಲಿಲ್ಲ. ಬೆಳವ, ಕೆಂಬೂತ ಅಂದೆ. ಕೆಂಬೂತ ಅಂದರೆ ತಿಳಿಯಲಿಲ್ಲ. "ಭಾರದ್ವಾಜ," ಅಂತ ಮರಾಠಿ ಹೆಸರು ಹೇಳಿದೆ. ಅವಳ ಮುಖ ಬದಲಾಯಿತು.

"ನನಗೂ ಬೆಳವನೇ ಮೊದಲು ಹೋತು," ಅಂದಳು. "ಶ್ರೀಧರ ಹುಟ್ಟಿದ ವರ್ಷ. ಇವು ಯಾಕ ಸುಮ್ನ ಆಗ್ಯಾವ ಅಂತ ನಿಮ್ಮ ಅಜ್ಜಿಗೆ ಕೇಳಿದ್ದೆ. ಆಮ್ಯಾಲ ಬೀಸೂ ಕಲ್ಲಿನ ಸಪ್ಪಳ ಹೋತು. ನೀ ಹುಟ್ಟಿದ ಮ್ಯಾಲ ಪಾವಶಾ ಒಂದು ಉಳಿದಿತ್ತು. ಒಂದು ಮಳಿಗಾಲ ಕೇಳ್ದೆ. ಮುಂದಿನ ಮಳಿಗಾಲ ಅದೂ ಇಲ್ಲ."

ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

"ನಾ ಹುಟ್ಟಿದ್ದಕ್ಕ ಹೋತಲ್ಲ ಆಯಿ."

"ಹುಚ್ಚಿ. ನೀ ಏನ್ ಮಾಡ್ತಿ ಅದಕ್ಕ?" ಅಂದಳು. ಮೊರ ಬದಿಗೆ ಸರಿಸಿ, "ನನಗ ಯಾರೂ ಡಾಕ್ಟ್ರ ಕಡೆ ಕರ್ಕೊಂಡು ಹೋಗ್ಲಿಲ್ಲ. ನಾನೂ ಕೇಳ್ಲಿಲ್ಲ. ಮನಿ ತುಂಬ ಕೆಲಸ, ಕೇಳಿದ್ರೇನು ಕೇಳದಿದ್ರೇನು ಅಂತ ಬಿಟ್ಟೆ. ನೀ ಹಂಗ ಬಿಡಬ್ಯಾಡ," ಅಂದಳು.

ಆಪರೇಶನ್ನಿನ ಮಾತು ಮನೆಯಲ್ಲಿ ತೆಗೆದಾಗ ಅಪ್ಪ ಒಪ್ಪಲಿಲ್ಲ. ಇದ್ದಷ್ಟೂ ಹೋದರೆ ಏನು ಗತಿ ಎಂಬುದು ಅವರ ಚಿಂತೆ. ಅಣ್ಣ ಲಗ್ನದ ಮಾತು ಮುಗಿಯಲಿ, ಆಮೇಲೆ ನೋಡೋಣ ಅಂದ. ನಾನು ನೋಡಲು ಬಂದವರಿಗೆ ಹೇಳಿಯೇ ತೀರುವುದು ಅಂತ ನಿರ್ಧಾರ ಮಾಡಿದ್ದೆ. ಆ ಮಾಸ್ತರರು ಒಳ್ಳೆಯ ಮನುಷ್ಯ. ನಮ್ಮನ್ನಿಬ್ಬರನ್ನೇ ಪಡಸಾಲೆಯಲ್ಲಿ ಬಿಟ್ಟಾಗ ಎಲ್ಲ ಹೇಳಿದೆ, ಮಕ್ಕಳಾದರೆ ಏನಾಗಬಹುದು ಅನ್ನುವುದನ್ನೂ. ಅವರು ಕೈಯಲ್ಲಿದ್ದ ಚಹಾದ ಬಶಿಯನ್ನು ಕೆಳಗಿಟ್ಟು, "ಇದನ್ನ ನಮ್ಮ ತಾಯಿಗೆ ಹೇಳದಂಗ ಇರ್ಲಾಕ ನನಗ ಆಗಂಗಿಲ್ರಿ," ಅಂದರು.

"ಹೇಳ್ರಿ," ಅಂದೆ.

ಜಾತಕ ಕೂಡಲಿಲ್ಲ ಅಂತ ಆಮೇಲೆ ತಿಳಿಸಿದರು. ಅಂದು ಅಪ್ಪ ಊಟ ಮಾಡಲಿಲ್ಲ. ಆಯಿ ಮಾತ್ರ ಮರುದಿನ ಬೆಳಿಗ್ಗೆ ಒಂದು ಗಂಟು ಕಟ್ಟಿಕೊಂಡು ಬಂದು ನನ್ನ ಮುಂದೆ ನಿಂತಳು. "ನಿನ್ನ ಕೂಡ ಕಮಲಾಪುರಕ್ಕ ಬರ್ತೀನಿ. ಸ್ವಲ್ಪ ದಿನ ಇರ್ತೀನಿ." ಮನೆಯವರೆಲ್ಲ ಆಶ್ಚರ್ಯದಿಂದ ನೋಡಿದರು. ಅವಳು ಹಾಗೆ ತಾನಾಗಿ ಏನನ್ನಾದರೂ ಹೇಳಿದ್ದು ಯಾರಿಗೂ ನೆನಪಿರಲಿಲ್ಲ.

ಮಡಿಯ ಸ್ಟೌ, ತಾಮ್ರದ ತಂಬಿಗೆ, ತನ್ನ ತಾಟು ಎಲ್ಲ ತಂದಿದ್ದಳು. ಮುಸಲ್ಮಾನರ ಮನೆ ಅನ್ನುವುದು ಗೊತ್ತಿದ್ದೇ ಬಂದಿದ್ದಳು. ಮೊದಲ ಎರಡು ದಿನ ಮಾಳಿಗೆಯಿಂದ ಕೆಳಗೆ ಇಳಿಯಲಿಲ್ಲ. ಆಮೇಲೊಂದು ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಹಣ್ಣಿನ ಕೋಣೆಯ ಬಾಗಿಲಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಖಾಲಾ ದೊಡ್ಡ ದನಿಯಲ್ಲಿ, ಕೈ ಕಣ್ಣು ಎಲ್ಲ ಕುಣಿಸುತ್ತ, ತಮ್ಮ ಮಗಳ ಅತ್ತೆಯ ಕಥೆ ಹೇಳುತ್ತಿದ್ದರು. ಆಯಿ ಅವರ ತುಟಿಯಿಂದ ಕಣ್ಣು ಕೀಳದೆ ನಗುತ್ತಿದ್ದಳು.

"ನಿಮ್ಮ ಆಯಿಗೆ ಎಲ್ಲಾ ತಿಳೀತದ ಬೇಟಿ," ಅಂದರು ಖಾಲಾ. "ಹೇಳೋರು ಬೇಕು, ಅಷ್ಟೇ."

ಬೆಳಿಗ್ಗೆ ನಾವಿಬ್ಬರೂ ಮಾಳಿಗೆಯ ಮೇಲೆ ಕೂಡುತ್ತಿದ್ದೆವು. ಶ್ರಾವಣದ ತುಂತುರು ನಿಂತು ಬೇವು ತೊಟ್ಟಿಕ್ಕುತ್ತಿರುತ್ತಿತ್ತು. ಆಯಿ ನನ್ನ ಕಡೆ ತಿರುಗಿ, "ಈಗ ಏನಂತದ?" ಅನ್ನುತ್ತಿದ್ದಳು. ನಾನು ಕೇಳಿಸಿದ್ದನ್ನು ತುಟಿಯಲ್ಲಿ ಹೇಳುತ್ತಿದ್ದೆ. ಸಿಂಪಿಗದ ಟುವಿ ಟುವಿ. ಕೌಜುಗದ ಸುಭಾನ್ ತೇರೀ ಕುದ್ರತ್, ಅದರ ಅರ್ಥವನ್ನೂ. ಅದಕ್ಕೆ ಅವಳು ತಲೆದೂಗಿ, "ಖರೇ ಅದ," ಅಂದಳು. ಕೆಂಬೂತ ಗೋಡೆಯ ಮೇಲೆ ಬಂದು ಗಂಟಲು ಉಬ್ಬಿಸಿದಾಗ ನನಗೆ ಹೇಳಲು ಏನೂ ಇರಲಿಲ್ಲ. ಇಬ್ಬರೂ ಸುಮ್ಮನೆ ನೋಡುತ್ತಿದ್ದೆವು. ಆಗ ಅವಳು ನನಗೆ ಹೇಳುತ್ತಿದ್ದಳು, ನೆನಪಿನಿಂದ. "ಮೊದಲು ತಗ್ಗಿನ್ಯಾಗ ಸುರು ಮಾಡ್ತದ. ಆಮ್ಯಾಲ ಜಲ್ದಿ ಜಲ್ದಿ. ಕಡೀಕ ದಣದಂಗ ನಿಂದರ್ತದ." ಅವಳು ಹೇಳುವ ತಾಳಕ್ಕೂ ಹಕ್ಕಿಯ ಗಂಟಲು ಉಬ್ಬುವುದಕ್ಕೂ ಹೊಂದುತ್ತಿತ್ತು.

ಆ ದಿನಗಳಲ್ಲಿ ನನಗೆ ಒಂಟಿತನ ಅನಿಸಲಿಲ್ಲ. ಆ ವರ್ಷದಲ್ಲಿ ಅಷ್ಟೇ ದಿನ.

ಕಲಬುರ್ಗಿಯ ಡಾಕ್ಟರರಿಗೆ ಅವಳನ್ನೂ ತೋರಿಸಿದೆ. ಅದೇ ಕಡ್ಡಿಯನ್ನು ಅವಳ ಕಿವಿಯ ಹಿಂದೆ ಊರಿದರು. ಆಯಿ ಉತ್ತರ ಗೊತ್ತಿಲ್ಲದ ಸಣ್ಣ ಹುಡುಗಿಯ ಹಾಗೆ ನನ್ನನ್ನು ನೋಡಿದಳು. ಡಾಕ್ಟರು ನನಗೆ ಮಾತ್ರ ಹೇಳಿದರು, "ಒಳಗಿನ ನರನೇ ಸೋತಾವ್ರಿ. ಬಹಳ ತಡ ಆಗ್ಯದ." ಹೇಗೆ ಹೇಳಲಿ ಅಂತ ನಾನು ತಡವರಿಸುತ್ತಿದ್ದಾಗ, ಅವಳು ಡಾಕ್ಟರರ ತುಟಿಯನ್ನೇ ನೋಡಿ ತಿಳಿದುಕೊಂಡಿದ್ದಳು. "ನನ್ನದು ಇರ್ಲಿ. ಇವಳಿಗೆ ಯಾವಾಗ ಮಾಡಸ್ಬೇಕ್ರಿ?" ಅಂದಳು.

ದೀಪಾವಳಿ ಕಳೆದ ಮೇಲೆ ಸೊಲ್ಲಾಪುರಕ್ಕೆ ಹೋದದ್ದು ನಾವಿಬ್ಬರೇ. ಆಯಿಯ ಹಟಕ್ಕೆ ಸೋತಿದ್ದ ಅಪ್ಪ ಸ್ಟೇಶನ್ನಿಗೆ ಬಂದು ರೈಲು ಹತ್ತಿಸಿದರು. ಕಿಟಕಿಯ ಹೊರಗೆ ನಿಂತು ಬಹಳ ವರ್ಷಗಳ ಮೇಲೆ ಆಯಿಯ ಮುಖಕ್ಕೆ ನೇರ ತಿರುಗಿ, "ಸಂಭಾಳಿಸಿ ಹೋಗ್ರಿ," ಅಂದರು. ಆಯಿ ತಲೆಯಾಡಿಸಿದಳು.

ಮಾಡಿದ್ದು ಎಡಗಿವಿಗೆ, ಹೆಚ್ಚು ಕೆಟ್ಟದ್ದಕ್ಕೆ. ಪೂರ್ತಿ ಮಂಪರು ಕೊಡಲಿಲ್ಲ, ಎಚ್ಚರ ಇತ್ತು. ಮುಖದ ಮೇಲೆ ಹಸಿರು ಬಟ್ಟೆ. ಕಿವಿಯೊಳಗೆ ಏನೋ ಕೆರೆದಂತೆ, ತಳ್ಳಿದಂತೆ. ಹೊರಗೆ ಎಲ್ಲೋ ದೂರದಲ್ಲಿ ಜನರ ಗುಜುಗುಜು. ಮತ್ತೆ ಒಂದು ಕ್ಷಣದಲ್ಲಿ ಆ ಗುಜುಗುಜು ಹತ್ತಿರ ಬಂದುಬಿಟ್ಟಿತು. ಬಾಗಿಲು ತೆರೆದ ಹಾಗೆ. ತಟ್ಟೆಯಲ್ಲಿ ಒಂದು ಚಿಮಟ ಇಟ್ಟದ್ದು, ನರ್ಸಿನ ಚಪ್ಪಲಿ, ತಲೆಯ ಮೇಲೆ ಗಡಗಡ ತಿರುಗುವ ಫ್ಯಾನು. ಡಾಕ್ಟರು ಮೆಲ್ಲಗೆ ಮರಾಠಿಯಲ್ಲಿ ಕೇಳಿಸುತ್ತದೆಯೇ ಎಂದರು. ಹೌದು ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಆಮೇಲೆ ಕೆಲವು ದಿನ ತಲೆ ತಿರುಗಿ ಏಳಲಾಗಲಿಲ್ಲ. ಕಿವಿಗೆ ಹತ್ತಿ ತುರುಕಿ ಪಟ್ಟಿ ಕಟ್ಟಿದ್ದರು. ಆಯಿ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದಳು. ಹತ್ತಿ ತೆಗೆದ ದಿನ ಅವಳು ಬಗ್ಗಿ, "ವಿಮಲೀ, ಕೇಳಸ್ತದನ?" ಅಂದಳು.

ವಾರ್ಡಿನವರೆಲ್ಲ ತಿರುಗಿ ನೋಡಿದರು. ಆಯಿಯ ದನಿ ಅಷ್ಟು ಜೋರು, ಅಷ್ಟು ಒರಟು ಅನ್ನುವುದು ಹುಟ್ಟಿದಾಗಿಂದ ಅದನ್ನೇ ಕೇಳುತ್ತ ಬಂದ ನನಗೆ ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. ಏರಿಳಿತವಿಲ್ಲದೆ, ಹಗ್ಗ ಹರಿದ ಕೊಡದಂತೆ ಬೀಳುತ್ತಿತ್ತು. ಮನೆಯವರು ಬಂದವರೆದುರಿಗೆ ಅವಳನ್ನು ಸುಮ್ಮನಿರು ಅಂತ ಯಾಕೆ ಸನ್ನೆ ಮಾಡುತ್ತಿದ್ದರು ಅನ್ನುವುದು ಆಗ ತಿಳಿಯಿತು. ನಾನು ಕೇಳಿಸುತ್ತದೆ ಅಂತ ತಲೆಯಾಡಿಸಿದೆ. ಅವಳು ನನ್ನ ಹಣೆಗೆ ತನ್ನ ಹಣೆ ಹಚ್ಚಿದಳು. ನನ್ನ ಕಣ್ಣೀರು ಸಂತೋಷಕ್ಕೆ ಅಂತಲೇ ತಿಳಿದಿರಬೇಕು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಆ ಕಿವಿ ಇಂದಿಗೂ ಚೆನ್ನಾಗಿದೆ. ಬಲಗಿವಿ ನಿಧಾನವಾಗಿ ಹೋಯಿತು, ಅದಕ್ಕೆ ಕೈ ಹಚ್ಚುವ ಧೈರ್ಯ ಮಾಡಲಿಲ್ಲ. ಲಗ್ನವಾಗಲಿಲ್ಲ, ಅದಕ್ಕೆ ಕಾರಣ ಕಿವಿ ಒಂದೇ ಅಲ್ಲ. ಮರುವರ್ಷ ಕಲಬುರ್ಗಿಗೆ ವರ್ಗವಾಗಿ ಬಂದೆ. ಕಮಲಾಪುರದ ಎಕ್ಸ್‌ಚೇಂಜಿನಲ್ಲಿ ತಾನೇ ನಡೆಯುವ ಯಂತ್ರ ಬಂತು, ಆಪರೇಟರು ಬೇಡವಾದರು. ಹಾಜರಾಬೀ ಮಗಳ ಊರಿಗೆ ಹೋಗಿ ಅಲ್ಲೇ ತೀರಿಕೊಂಡರು. ಆಯಿ ತೊಂಬತ್ತರ ದಶಕದ ಕೊನೆಯವರೆಗೂ ಇದ್ದಳು. ನಾನು ಮನೆಯಲ್ಲಿದ್ದಾಗ ಎದುರಿಗೆ ಕೂತು ದಿನದ ಸುದ್ದಿಯೆಲ್ಲ ಹೇಳುತ್ತಿದ್ದೆ. ಉಳಿದವರು ಕೈ ಬಾಯಿಗೆ ಒಯ್ದು ಊಟ ಅನ್ನುವುದನ್ನು ಬಿಡಲಿಲ್ಲ.

ಆದರೆ ನನ್ನ ಮಟ್ಟಿಗೆ ಆ ವರ್ಷ ಮುಗಿದದ್ದು ಕಮಲಾಪುರದ ಮಾಳಿಗೆಯ ಮೇಲೆ, ಮಾರ್ಗಶಿರದ ಒಂದು ಬೆಳಿಗ್ಗೆ. ಆಪರೇಶನ್ ಆದ ಮೇಲೆ ನಾನು ಮೊದಲ ಸಲ ಡ್ಯೂಟಿಗೆ ಹಿಂತಿರುಗಿದ್ದೆ. ನನಗೆ ತಲೆ ತಿರುಗುವುದು ಇನ್ನೂ ಪೂರ್ತಿ ನಿಂತಿಲ್ಲ ಅಂತ ಆಯಿ ಜೊತೆಗೆ ಬಂದಿದ್ದಳು. ಚಳಿ ಇತ್ತು. ದಿಬ್ಬದಾಚೆಯ ಜೋಳದ ಹೊಲಗಳ ಮೇಲೆ ಗುಲಾಬಿ ಬಣ್ಣದ ವಲಸೆ ಹಕ್ಕಿಗಳ ಹಿಂಡು ಮೋಡದಂತೆ ಏಳುತ್ತ ಇಳಿಯುತ್ತ ಇತ್ತು. ನಾವು ಒಂದೇ ಶಾಲು ಹೊದ್ದು ಕೂತೆವು. ಎಲ್ಲ ಕಡೆಯಿಂದ ಒಮ್ಮೆಲೇ ಬಂತು. ಬೆಳವ, ಅದರ ಕೆಳಗೆ ಕೆಂಬೂತ, ತೋಟದೊಳಗೆ ಎಲೆಗೆ ಎಲೆ ತಾಗುವ ಸದ್ದು, ಹೊಲದಿಂದ ಆ ಹಿಂಡಿನ ಚಿಲಿಪಿಲಿ. ಯಾವುದು ಮೊದಲು ಕೇಳಬೇಕು ತಿಳಿಯದೆ ಕೂತಿದ್ದೆ.

"ಈಗ ಏನಂತದ?" ಅಂದಳು ಆಯಿ.

ತಿರುಗಿ ಹೇಳಿದೆ. ಹೇಳಿ ಮುಗಿಸಿ ಮತ್ತೆ ಆ ಕಡೆ ತಿರುಗಿದೆ. ಅವಳು ಮೊಣಕೈ ಮುಟ್ಟಿದಳು, ಮತ್ತೆ ತಿರುಗಿದೆ. ಕೆಂಬೂತ ಅವಳು ಹೇಳಿದಂತೆಯೇ ತಗ್ಗಿನಲ್ಲಿ ಸುರು ಮಾಡುತ್ತದೆ, ಜಲ್ದಿ ಜಲ್ದಿ ಹೋಗುತ್ತದೆ ಅಂತ ಹೇಳಿದೆ. ಕಡೆಗೆ ದಣಿದಂತೆ ನಿಲ್ಲುವುದನ್ನು ಹೇಳಬೇಕು ಅನ್ನುವಷ್ಟರಲ್ಲಿ ಅದು ನಿಂತೇಹೋಗಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ನನ್ನ ಮುಖ ಅವಳ ಕಡೆ ಇತ್ತು. ಆಯಿ ಅದನ್ನು ನೋಡಿದಳು.

"ಸಾಕು ವಿಮಲೀ," ಅಂದಳು. ಈ ಸಲ ಎಷ್ಟೋ ಮೆಲ್ಲಗೆ ಹೇಳಿದಳು, ಹೇಗೆ ಅಳತೆ ಮಾಡಿದಳೋ ಗೊತ್ತಿಲ್ಲ. "ನನಗ ಹೇಳ್ಕೋತ ಕೂತ್ರ ನಿನಗ ಅರ್ಧಾನೇ ಕೇಳಸ್ತದ. ಮಾರಿ ಅತ್ಲಾಗ ತಿರುಗಿಸಿ ಕೂಡು."

ಶಾಲು ಪೂರ್ತಿ ನನಗೆ ಹೊದಿಸಿ ಎದ್ದಳು. ಖಾಲಾ ಒಲೆ ಹಚ್ಚಿರಬೇಕು, ನೋಡ್ತೀನಿ ಅಂತ ಸನ್ನೆ ಮಾಡಿದಳು. ನಾನು ಅವಳು ಹೇಳಿದ ಹಾಗೆ ಮುಖ ತಿರುಗಿಸಿ ಕೂತೆ. ಹಿಂದೆ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಅವಳ ಬಳೆಗಳ ಸಪ್ಪಳ ಕೆಳಗಿನ ಬಾಗಿಲವರೆಗೂ ಕೇಳಿಸುತ್ತಿತ್ತು.